ಮುಗ್ಧತೆ ಮತ್ತು ಯಜಮಾನಿಕೆ: ಜಪಾನಿನ ‘ಶೋಜೋ ಕಾಕುಮೇ ಉತೆನಾ’ ಚಿತ್ರಮಾಲಿಕೆಯನ್ನು ಕುರಿತು

1

ಸಂಸ್ಕೃತದ ‘ಮುಹ್’ ಧಾತುವಿನಿಂದ ‘ಮುಗ್ಧ’, ‘ಮೂಢ’ ಎಂಬ ಎರಡು ರೂಪಗಳೂ ಸಿದ್ಧಿಸುತ್ತವೆ. ‘ಮೋಹ’ವೂ ಅದೇ ಧಾತುವಿನ ಸಂತಾನ. ವ್ಯಾಕರಣದ ದೃಷ್ಟಿಯಿಂದ ಇವು ಒಡಹುಟ್ಟಿದ ಶಬ್ದಗಳು. ಬಳಕೆಯಲ್ಲಿ ಮಾತ್ರ ಇವುಗಳ ನಡುವೆ ಅಪಾರ ಅಂತರ ಬೆಳೆದಿದೆ. ಮುಗ್ಧನನ್ನು ನಾವು ಮೆಚ್ಚುತ್ತೇವೆ, ಮೂಢನನ್ನು ಮರುಗಿ ದೂರವಿಡುತ್ತೇವೆ. ಆದರೆ ಲೋಕದ ಅರಿವಿಲ್ಲದಿರುವುದು ಎಂಬ ಮೂಲ ಲಕ್ಷಣ ಇಬ್ಬರಿಗೂ ಸಮಾನವಾದದ್ದೇ. ಹಾಗಾದರೆ ಯಾವ ಹಂತದಲ್ಲಿ ಮುಗ್ಧತೆ ಗುಣವಾಗುತ್ತದೆ, ಯಾವ ಹಂತದಲ್ಲಿ ಅದು ಅಪಾಯವಾಗುತ್ತದೆ? ಅಧಿಕಾರವುಳ್ಳವರು ಇತರರ ಮುಗ್ಧತೆಯನ್ನು ಹೊಗಳುವಾಗ ನಿಜವಾಗಿ ಹೊಗಳುವುದು ಏನನ್ನು?

ಇದು ನಮ್ಮ ಸಾಹಿತ್ಯಕ್ಕೆ ಅಪರಿಚಿತವಾದ ಪ್ರಶ್ನೆಯಲ್ಲ. ಹರಿಹರನ ರಗಳೆಗಳ ಕೋಳೂರು ಕೊಡಗೂಸು ಶಿವನು ನಿಜವಾಗಿಯೂ ಹಾಲು ಕುಡಿಯುತ್ತಾನೆಂದು ನಂಬಿ ಹಠ ಹಿಡಿಯುವ ಹುಡುಗಿ. ಆಕೆಯ ನಂಬಿಕೆ ತಿಳಿದವರ ಕಣ್ಣಿಗೆ ಅಜ್ಞಾನ. ಕಾವ್ಯದ ಕಣ್ಣಿಗೆ ಅದೇ ಪರಮಭಕ್ತಿ. ಆಕೆಯ ಹಠದ ಮುಂದೆ ಶಿವನೇ ಸೋಲಬೇಕಾಗುತ್ತದೆ. ಮುಗ್ಧಭಕ್ತಿಯ ಕಥೆಗಳನ್ನು ಓದಿ ಬೆಳೆದ ಕನ್ನಡದ ವಿದ್ಯಾರ್ಥಿಗೆ, ಹುಡುಗಿಯೊಬ್ಬಳ ಮುಗ್ಧ ಹಠವನ್ನೇ ವಸ್ತುವಾಗಿಸಿಕೊಂಡ ಆದರೆ ಸೋಲಬಲ್ಲ ದೇವರಿಲ್ಲದ ಲೋಕದ ಕೃತಿಯೊಂದು ಎದುರಾದರೆ ಏನಾಗುತ್ತದೆ? ಈ ಕುತೂಹಲವೇ ಪ್ರಸ್ತುತ ಲೇಖನಕ್ಕೆ ಪ್ರೇರಣೆ. ಇಲ್ಲಿ ಆಯ್ದುಕೊಂಡಿರುವುದು ಜಪಾನಿನ ಸಚೇತನ ಚಿತ್ರಮಾಲಿಕೆ ‘ಶೋಜೋ ಕಾಕುಮೇ ಉತೆನಾ’. ಶೀರ್ಷಿಕೆಯನ್ನು ‘ಕ್ರಾಂತಿಯ ಹುಡುಗಿ ಉತೆನಾ’ ಎಂದು ಸ್ಥೂಲವಾಗಿ ಕನ್ನಡಿಸಬಹುದು. ಜಪಾನಿನ ಸಚೇತನ ಚಿತ್ರಗಳನ್ನು ‘ಅನಿಮೆ’ ಎಂದು ಕರೆಯುವುದು ವಾಡಿಕೆ. ಇವು ಕೇವಲ ಮಕ್ಕಳ ಮನರಂಜನೆಗೆ ಮೀಸಲೆಂಬ ಗ್ರಹಿಕೆ ನಮ್ಮ ವಿದ್ವದ್ವಲಯದಲ್ಲಿ ಇನ್ನೂ ಪೂರ್ತಿ ಅಳಿದಿಲ್ಲ. ಗಂಭೀರ ಸಾಹಿತ್ಯಕೃತಿಯನ್ನು ಓದುವ ಎಚ್ಚರದಿಂದಲೇ ಇಂತಹ ಕೃತಿಯನ್ನೂ ಓದಬಹುದು ಎಂಬುದನ್ನು ತೋರಿಸುವುದು ಈ ಬರೆಹದ ಇನ್ನೊಂದು ಉದ್ದೇಶ.

2

ಮೊದಲು ಕೃತಿಯ ಹಿನ್ನೆಲೆಯನ್ನು ಸಂಗ್ರಹವಾಗಿ ಗಮನಿಸಬಹುದು. ಈ ಮಾಲಿಕೆ 1997ರ ಏಪ್ರಿಲ್ 2ರಿಂದ ಡಿಸೆಂಬರ್ 24ರವರೆಗೆ ಟಿವಿ ಟೋಕಿಯೋ ವಾಹಿನಿಯಲ್ಲಿ 39 ಕಂತುಗಳಾಗಿ ಪ್ರಸಾರವಾಯಿತು. ನಿರ್ದೇಶಕ ಕುನಿಹಿಕೊ ಇಕುಹಾರಾ. 1992ರಲ್ಲಿ ಆರಂಭವಾದ ಜನಪ್ರಿಯ ‘ಸೈಲರ್ ಮೂನ್’ ಮಾಲಿಕೆಯಲ್ಲಿ ನಿರ್ದೇಶಕನಾಗಿ ದುಡಿದು ಹೆಸರು ಮಾಡಿದ್ದ ಈತ, ಸ್ವತಂತ್ರ ಕೃತಿಯೊಂದನ್ನು ರೂಪಿಸುವ ಹಂಬಲದಿಂದ ‘ಬೀ-ಪಾಪಾಸ್’ ಎಂಬ ಸಣ್ಣ ಬಳಗವನ್ನು ಕಟ್ಟಿಕೊಂಡ. ಚಿತ್ರಕಥನಕಾರ್ತಿ ಚಿಹೊ ಸೈತೊ, ಸಂಭಾಷಣೆ ಮತ್ತು ಕಥಾಸಂಯೋಜನೆಯ ಹೊಣೆ ಹೊತ್ತ ಯೋಜಿ ಎನೊಕಿದೊ, ಪಾತ್ರವಿನ್ಯಾಸಕಾರ ಶಿನ್ಯಾ ಹಸೆಗಾವಾ ಮುಂತಾದವರು ಈ ಬಳಗದಲ್ಲಿದ್ದರು. 1999ರಲ್ಲಿ ಇದೇ ವಸ್ತುವನ್ನು ಬೇರೊಂದು ಬಗೆಯಲ್ಲಿ ನಿರೂಪಿಸುವ ಚಲನಚಿತ್ರವೂ ತೆರೆಕಂಡಿತು. ಪ್ರಸ್ತುತ ಲೇಖನ ದೂರದರ್ಶನದ ಮಾಲಿಕೆಗೆ ಸೀಮಿತವಾಗಿದೆ.

ಪುರುಷವೇಷದ ವೀರ ಹೆಣ್ಣು ಜಪಾನಿನ ಜನಪ್ರಿಯ ಸಂಸ್ಕೃತಿಗೆ ಹೊಸಬಳಲ್ಲ. 1913ರಲ್ಲಿ ಸ್ಥಾಪಿತವಾದ ತಕರಾಜುಕಾ ನಾಟಕ ಮಂಡಳಿಯಲ್ಲಿ ಗಂಡು ಪಾತ್ರಗಳೂ ಸೇರಿದಂತೆ ಎಲ್ಲ ಪಾತ್ರಗಳನ್ನೂ ಹೆಂಗಸರೇ ವಹಿಸುತ್ತಾರೆ. ಒಸಾಮು ತೆಜುಕಾ 1953ರಲ್ಲಿ ಆರಂಭಿಸಿದ ‘ರಿಬ್ಬನ್ ನೊ ಕಿಶಿ’ ಚಿತ್ರಕಥೆಯ ರಾಜಕುಮಾರಿ ರಾಜಕುಮಾರನ ವೇಷದಲ್ಲಿ ಬದುಕುತ್ತಾಳೆ. ರಿಯೊಕೊ ಇಕೆದಾ 1972ರಲ್ಲಿ ಬರೆಯತೊಡಗಿದ ‘ವರ್ಸೈಲ್ಸಿನ ಗುಲಾಬಿ’ಯ ನಾಯಕಿ ಫ್ರೆಂಚ್ ಕ್ರಾಂತಿಯ ಕಾಲದ ಸೈನ್ಯಾಧಿಕಾರಿ. ಉತೆನಾಳ ವಂಶವೃಕ್ಷ ಇವರಿಗೆ ಸೇರಿದ್ದು. ಆದರೆ ಹಿಂದಿನ ಕೃತಿಗಳು ಹೆಣ್ಣು ಗಂಡಿನ ವೇಷ ತೊಟ್ಟರೆ ಏನಾಗುತ್ತದೆ ಎಂದು ಕೇಳಿದರೆ, ಈ ಮಾಲಿಕೆ ರಾಜಕುಮಾರ ಎಂಬ ವೇಷವನ್ನು ಹೊಲಿದವರು ಯಾರು, ಯಾವ ಲಾಭಕ್ಕಾಗಿ ಎಂದು ಕೇಳುತ್ತದೆ.

ಕೃತಿಯ ಅತಿವಾಸ್ತವ ಶೈಲಿಗೆ ಇನ್ನೊಂದು ಮೂಲವಿದೆ. ಕವಿ, ನಾಟಕಕಾರ ಶುಜಿ ತೆರಾಯಾಮಾ 1967ರಲ್ಲಿ ಕಟ್ಟಿದ ‘ತೆಂಜೋ ಸಾಜಿಕಿ’ ಎಂಬ ಪ್ರಯೋಗಶೀಲ ರಂಗತಂಡಕ್ಕೆ ಸಂಗೀತ ನೀಡುತ್ತಿದ್ದ ಜೆ. ಎ. ಸೀಜರ್, ಈ ಮಾಲಿಕೆಯ ದ್ವಂದ್ವಯುದ್ಧಗಳಿಗೆ ವೃಂದಗಾನಗಳನ್ನು ಒದಗಿಸಿದ್ದಾನೆ. ರಂಗಭೂಮಿಯ ಈ ಋಣ ಕೃತಿಯುದ್ದಕ್ಕೂ ಕಾಣುತ್ತದೆ. ಬಹುತೇಕ ಕಂತುಗಳಲ್ಲಿ ನೆರಳುರೂಪದ ಹುಡುಗಿಯರು ಗೋಡೆಯ ಮೇಲೆ ಕಾಣಿಸಿಕೊಂಡು, ಮುಖ್ಯ ಕಥೆಗೆ ಓರೆಯಾಗಿ ಸಂಬಂಧಿಸಿದ ಪುಟ್ಟ ಪ್ರಹಸನವೊಂದನ್ನು ಆಡಿ ಹೋಗುತ್ತಾರೆ.

3

ಕಥೆ ನಡೆಯುವುದು ಓತೋರಿ ಎಂಬ ವಿದ್ಯಾಲಯದಲ್ಲಿ. ‘ಓತೋರಿ’ ಎಂದರೆ ಫೀನಿಕ್ಸ್‌ಗೆ ಸಮಾನವಾದ ಪೌರಾಣಿಕ ಪಕ್ಷಿ. ಬೆಟ್ಟದ ಮೇಲೆ ನಿಂತ ಈ ವಿದ್ಯಾಲಯಕ್ಕೆ ಹೊರಗಿನ ಲೋಕದ ಸಂಪರ್ಕ ಇಲ್ಲವೆನ್ನುವಷ್ಟು ಕಡಿಮೆ. ತಂದೆತಾಯಿಗಳು ಕಾಣುವುದಿಲ್ಲ. ಪಾಠಗಳು ನಡೆಯುವುದು ಅಪರೂಪ. ವಿದ್ಯಾರ್ಥಿ ಸಂಘದ ಸದಸ್ಯರು ಲಿಫ್ಟಿನಲ್ಲಿ ಮೇಲೇರಿ ಎತ್ತರದ ಮೊಗಸಾಲೆಯಲ್ಲಿ ಸಭೆ ಸೇರುತ್ತಾರೆ. ಏರುವಾಗಲೆಲ್ಲ ಮೊಟ್ಟೆಯ ಚಿಪ್ಪು, ಅದನ್ನೊಡೆಯಬೇಕಾದ ಮರಿ, ಒಡೆಯಬೇಕಾದ ಲೋಕ ಇವನ್ನು ಕುರಿತ ಪ್ರತಿಜ್ಞೆಯೊಂದನ್ನು ಒಕ್ಕೊರಲಿನಿಂದ ಹೇಳುತ್ತಾರೆ. ಹರ್ಮನ್ ಹೆಸ್ಸೆಯ ‘ಡೆಮಿಯಾನ್’ (1919) ಕಾದಂಬರಿಯಿಂದ ಪಡೆದ ರೂಪಕವಿದು. ಮೊಟ್ಟೆ ಒಡೆಯುವ ಮಾತನ್ನು ದಿನವೂ ಪಠಿಸುವವರು ಎಂದೂ ಮೊಟ್ಟೆಯಿಂದ ಹೊರಬಾರದವರು ಎಂಬ ವ್ಯಂಗ್ಯ ನಿಧಾನವಾಗಿ ಹೊಳೆಯುತ್ತದೆ. ಕ್ರಾಂತಿಯ ಭಾಷೆಯೇ ಸಂಪ್ರದಾಯದ ಮಂತ್ರವಾಗಿಬಿಟ್ಟಿದೆ.

ಈ ಸಂಘದವರ ಕೈಯಲ್ಲಿ ಗುಲಾಬಿ ಮುದ್ರೆಯ ಉಂಗುರಗಳಿವೆ. ‘ಲೋಕದ ಅಂಚು’ ಎಂಬ ಹೆಸರಿನಿಂದ ಯಾರೋ ಬರೆಯುವ ಪತ್ರಗಳ ಆಜ್ಞೆಯಂತೆ ಅವರು ಪರಸ್ಪರ ದ್ವಂದ್ವಯುದ್ಧ ನಡೆಸುತ್ತಾರೆ. ಎದುರಾಳಿಯ ಎದೆಯ ಮೇಲಿನ ಗುಲಾಬಿಯನ್ನು ಕತ್ತಿಯಿಂದ ಉದುರಿಸಿದವನು ಗೆದ್ದಂತೆ. ಗೆದ್ದವನಿಗೆ ‘ಗುಲಾಬಿಯ ವಧು’ ದೊರೆಯುತ್ತಾಳೆ. ಆಕೆಯ ಮೂಲಕ ಒಂದು ದಿನ ಲೋಕವನ್ನೇ ಬದಲಿಸುವ ಶಕ್ತಿ ಲಭಿಸುತ್ತದೆಂಬ ನಂಬಿಕೆ. ವಧುವಿನ ಹೆಸರು ಹಿಮೆಮಿಯಾ ಆಂಥಿ. ಗೆದ್ದವನು ಯಾರಾದರೂ ಸರಿ, ಅವನು ಹೇಳಿದಂತೆ ಕೇಳುವುದೇ ಅವಳ ಕರ್ತವ್ಯ. ಆಕಾಶದಲ್ಲಿ ತಲೆಕೆಳಗಾಗಿ ತೂಗುವ ಕೋಟೆಯೊಂದು ಯುದ್ಧದ ಅಂಕಣದ ಮೇಲೆ ಕಾಣುತ್ತಿರುತ್ತದೆ.

ಈ ವ್ಯವಸ್ಥೆಯೊಳಗೆ ಏನೂ ತಿಳಿಯದೆ ಕಾಲಿಡುವವಳು ಹದಿನಾಲ್ಕರ ಹುಡುಗಿ ತೆಂಜೋ ಉತೆನಾ. ಬಾಲ್ಯದಲ್ಲಿ ತಂದೆತಾಯಿಗಳನ್ನು ಕಳೆದುಕೊಂಡು ದುಃಖಿಸುತ್ತಿದ್ದಾಗ ರಾಜಕುಮಾರನೊಬ್ಬ ಸಂತೈಸಿ ಉಂಗುರವೊಂದನ್ನು ಕೊಟ್ಟ ಎಂಬುದು ಅವಳ ನೆನಪು. ಆದರೆ ಆಕೆ ಅವನನ್ನು ಕಾಯುವ ರಾಜಕುಮಾರಿಯಾಗಲು ಬಯಸದೆ ತಾನೇ ರಾಜಕುಮಾರಳಾಗಲು ನಿಶ್ಚಯಿಸಿದಳು. ಈ ಪೂರ್ವಕಥೆಯನ್ನು ಕಂತುಗಳ ಮೊದಲಲ್ಲಿ ಅಜ್ಜಿಕಥೆಯ ಧಾಟಿಯಲ್ಲಿ ಹೇಳುವ ನಿರೂಪಕ ಧ್ವನಿ, ಆ ನಿಶ್ಚಯ ನಿಜಕ್ಕೂ ಒಳ್ಳೆಯದೇ ಎಂಬ ಸಂದೇಹವನ್ನು ಕೊನೆಗೆ ಸೇರಿಸುತ್ತದೆ. ನಾಯಕಿಯ ಮುಗ್ಧತೆಯನ್ನು ಕೃತಿ ಮೆಚ್ಚುತ್ತದೆ, ಆದರೆ ಅದನ್ನು ಪರೀಕ್ಷೆಗೊಳಪಡಿಸದೆ ಬಿಡುವುದಿಲ್ಲ ಎಂಬ ಸೂಚನೆ ಆರಂಭದಲ್ಲೇ ಇದೆ.

ಮೊದಲ ದ್ವಂದ್ವಕ್ಕೆ ಕಾರಣವಾಗುವ ಘಟನೆ ತೀರ ಸಣ್ಣದು. ಉತೆನಾಳ ಗೆಳತಿ ವಾಕಾಬಾ ಸಂಘದ ಸೈಯೊಂಜಿಗೆ ಬರೆದ ಪ್ರೇಮಪತ್ರ ಸೂಚನಾಫಲಕದ ಮೇಲೆ ಬಹಿರಂಗವಾಗಿ ಪ್ರದರ್ಶಿತವಾಗುತ್ತದೆ. ಗೆಳತಿಯ ಅವಮಾನಕ್ಕೆ ನ್ಯಾಯ ಕೇಳಲು ಉತೆನಾ ಬಿದಿರಿನ ಅಭ್ಯಾಸಕತ್ತಿ ಹಿಡಿದು ಹೊರಡುತ್ತಾಳೆ. ಕತ್ತಿ ತುಂಡಾದರೂ ಉಳಿದ ಮೋಟಿನಿಂದಲೇ ಅವನ ಗುಲಾಬಿಯನ್ನು ಕೆಡವುತ್ತಾಳೆ. ಗೆದ್ದ ಮೇಲೆ ತಿಳಿಯುತ್ತದೆ: ತಾನು ನ್ಯಾಯಕ್ಕಾಗಿ ಹೋರಾಡಿದೆನೆಂದು ಭಾವಿಸಿದ್ದು ಒಂದು ಆಟದ ನಿಯಮದಂತೆ ವಧುವನ್ನು ಗೆದ್ದ ಹಾಗೆ ದಾಖಲಾಗಿದೆ. ಈ ಮಾಲಿಕೆಯ ಅಧಿಕಾರವಿಮರ್ಶೆಯ ಬೀಜವೆಲ್ಲ ಇಲ್ಲಿದೆ. ವ್ಯವಸ್ಥೆಗೆ ಪ್ರತಿಭಟನೆಯನ್ನು ಹತ್ತಿಕ್ಕುವ ಅಗತ್ಯವೇ ಇಲ್ಲ. ಪ್ರತಿಭಟನೆಯೂ ಆಟದ ಒಂದು ನಡೆಯಾಗುವಂತೆ ನಿಯಮಗಳನ್ನು ರೂಪಿಸಿದರೆ ಸಾಕು.

4

ಓತೋರಿಯ ವಿದ್ಯಾರ್ಥಿಗಳಲ್ಲಿ ಯಾರೂ ಬಲಾತ್ಕಾರದಿಂದ ಆಡುತ್ತಿಲ್ಲ. ಅವರವರ ಹಂಬಲವೇ ಅವರನ್ನು ಕಟ್ಟಿಹಾಕಿದೆ. ಸಂಗೀತಪ್ರತಿಭೆಯ ಮಿಕಿ ಎಂಬ ಹುಡುಗ ತಂಗಿಯೊಡನೆ ಪಿಯಾನೊ ನುಡಿಸುತ್ತಿದ್ದ ಬಾಲ್ಯದ ತೋಟವನ್ನು ಮರಳಿ ಪಡೆಯಲು ಹೋರಾಡುತ್ತಾನೆ. ತಂಗಿಗೆ ಚೆನ್ನಾಗಿ ನುಡಿಸಲು ಬರುತ್ತಿತ್ತೆಂಬುದು ಅವನ ನೆನಪು. ವಾಸ್ತವದಲ್ಲಿ ಆಕೆಗೆ ಅದು ಬರುತ್ತಲೇ ಇರಲಿಲ್ಲ. ಇಲ್ಲದ ಸ್ವರ್ಗವೊಂದರ ನೆನಪು ಅವನನ್ನು ಆಳುತ್ತಿದೆ. ಜೂರಿ ಪವಾಡಗಳನ್ನು ನಂಬದ ಕಠಿಣ ಹುಡುಗಿ. ಆದರೆ ಗೆಳತಿಯೊಬ್ಬಳ ಮೇಲಿನ ಹೇಳಲಾರದ ಪ್ರೀತಿಯನ್ನು ಕೊರಳ ಪದಕದಲ್ಲಿ ಮುಚ್ಚಿಟ್ಟುಕೊಂಡಿದ್ದಾಳೆ. ಪವಾಡವಿಲ್ಲವೆಂದು ಸಾಧಿಸಲು ಕತ್ತಿ ಹಿಡಿದವಳ ಗುಲಾಬಿ, ಗಾಳಿಯಲ್ಲಿ ಹಾರಿದ ಕತ್ತಿಯೊಂದು ಆಕಸ್ಮಿಕವಾಗಿ ಬಂದು ಚುಚ್ಚಿದ್ದರಿಂದಲೇ ಉದುರುತ್ತದೆ. ಸಂಘದ ಅಧ್ಯಕ್ಷ ತೋಗಾ ತಾನು ಆಟದ ಸೂತ್ರಧಾರನೆಂದು ನಂಬಿದ್ದಾನೆ. ಉತೆನಾಳ ಬಾಲ್ಯದ ರಾಜಕುಮಾರ ತಾನೇ ಎಂಬ ಭ್ರಮೆ ಹುಟ್ಟಿಸಿ ಒಮ್ಮೆ ಅವಳನ್ನು ಸೋಲಿಸುತ್ತಾನೆ. ಆದರೆ ಅವನೂ ಬೇರೊಬ್ಬನ ಸೂತ್ರಕ್ಕೆ ಕಟ್ಟಿದ ಗೊಂಬೆ.

ತೋಗಾನ ತಂಗಿ ನಾನಾಮಿಯ ಪ್ರಸಂಗಗಳು ಮೇಲುನೋಟಕ್ಕೆ ಹಾಸ್ಯದವು. ಅಂದವಾದ ಆಭರಣವೆಂದು ಭಾವಿಸಿ ಆಕೆ ದನದ ಗಂಟೆಯನ್ನು ಕೊರಳಿಗೆ ಕಟ್ಟಿಕೊಂಡು ಮೆರೆಯುತ್ತಾಳೆ, ಕ್ರಮೇಣ ದನವಾಗುತ್ತ ಹೋಗುತ್ತಾಳೆ. ಪ್ರತಿಷ್ಠೆಯ ಸಂಕೇತವೆಂದು ಧರಿಸಿದ್ದೇ ಒಡೆತನದ ಗುರುತು ಎಂಬ ಅರ್ಥ ನಗೆಯ ಹಿಂದೆ ಅಡಗಿದೆ. ಎಲ್ಲರ ಕೈಯ ಗುಲಾಬಿ ಉಂಗುರಗಳಿಗೂ ಇದೇ ಮಾತು ಸಲ್ಲುತ್ತದೆ.

ಭಾರತೀಯ ಓದುಗರು ಗಮನಿಸಬೇಕಾದ ಅಂಶವೊಂದು ಇಲ್ಲಿದೆ. ತಿಳಿಬಣ್ಣದ ಪಾತ್ರಗಳ ನಡುವೆ ಆಂಥಿ ಮತ್ತು ಅವಳ ಅಣ್ಣ ಅಕಿಯೊ ಮಾತ್ರ ಕಂದುಬಣ್ಣದವರು. ಆಂಥಿಯ ಹಣೆಯ ಮೇಲೆ ಬೊಟ್ಟಿದೆ. ಎಂಟನೆಯ ಕಂತಿನಲ್ಲಿ ಖಾರದ ಮೇಲೋಗರವೊಂದನ್ನು ತಿಂದು ಆಂಥಿ ಮತ್ತು ಉತೆನಾ ಪರಸ್ಪರ ದೇಹ ಬದಲಿಸಿಕೊಳ್ಳುತ್ತಾರೆ. ಮಸಾಲೆ ತರಲು ನಾನಾಮಿ ಭಾರತಕ್ಕೆ ಹೋಗಿ ಆನೆಗಳಿಂದ ಅಟ್ಟಿಸಿಕೊಳ್ಳುತ್ತಾಳೆ. ಮಸಾಲೆ, ಆನೆ, ಮಾಯೆ ಇಷ್ಟೇ ಭಾರತವೆಂಬ ಈ ಚಿತ್ರಣ ಪರಕೀಯರ ಹಳೆಯ ಕಲ್ಪನೆಯೇ ಹೌದು. ಅದನ್ನು ಹಾಸ್ಯವೆಂದು ಮನ್ನಿಸಬಹುದಾದರೂ ಮರೆಯುವಂತಿಲ್ಲ. ‘ಅನ್ಯ’ಳಾಗಿ ಕಾಣುವ ಹೆಣ್ಣೇ ಮಾತಿಲ್ಲದ ವಧುವೂ ಆಗಿ, ಮುಂದೆ ‘ಮಾಟಗಾತಿ’ಯೂ ಆಗಿ ಚಿತ್ರಿತವಾಗುವುದರಲ್ಲಿ, ಕೃತಿ ವಿಮರ್ಶಿಸುವ ನೋಟದ ಒಂದಂಶ ಕೃತಿಯಲ್ಲೇ ಉಳಿದಿದೆ ಎನ್ನಬೇಕಾಗುತ್ತದೆ.

5

ಎರಡನೆಯ ಭಾಗವಾದ ‘ಕಪ್ಪು ಗುಲಾಬಿ’ಯ ಕಂತುಗಳು ಸಂಘದವರನ್ನು ಬಿಟ್ಟು ಅವರ ಸುತ್ತಲಿನ ಸಾಮಾನ್ಯರತ್ತ ಹೊರಳುತ್ತವೆ. ಮಿಕಾಗೆ ಎಂಬ ವಿದ್ವಾಂಸ ಯುವಕ ಮನಸ್ಸಿನ ವ್ಯಾಧಿಗಳಿಗೆ ಸಲಹೆ ಕೊಡುವ ಕೊಠಡಿಯೊಂದನ್ನು ನಡೆಸುತ್ತಾನೆ. ಬಂದವರು ಲಿಫ್ಟಿನಂತಹ ಕೋಣೆಯಲ್ಲಿ ಕುಳಿತು ತಮ್ಮ ದುಃಖ ಹೇಳಿಕೊಳ್ಳುತ್ತಿದ್ದಂತೆ ಅದು ಕೆಳಕ್ಕಿಳಿಯುತ್ತದೆ. ಇನ್ನೂ ಆಳಕ್ಕೆ ಹೋಗುವಂತೆ ಅವನು ಪ್ರೇರೇಪಿಸುತ್ತಾನೆ. ತಳ ಮುಟ್ಟುವ ಹೊತ್ತಿಗೆ ದುಃಖ ದ್ವೇಷವಾಗಿ ಮಾರ್ಪಟ್ಟಿರುತ್ತದೆ. ಸಂಘದವರದು ಮೇಲೇರುವ ಲಿಫ್ಟ್, ಸಾಮಾನ್ಯರದು ಕೆಳಗಿಳಿಯುವ ಲಿಫ್ಟ್: ವರ್ಗಭೇದವನ್ನು ಇಷ್ಟು ಮಿತವ್ಯಯದಿಂದ ಹೇಳಿದ ದೃಶ್ಯರೂಪಕ ಅಪರೂಪ. ಆಲಿಸುವಿಕೆಯೂ ಅಧಿಕಾರದ ಉಪಕರಣವಾಗಬಲ್ಲದು ಎಂಬುದನ್ನೂ ಇದು ತೋರಿಸುತ್ತದೆ. ಹೇಳಿಕೊಂಡವನ ನೋವು ಕೇಳಿದವನ ಕೈಯ ಆಯುಧವಾಗುತ್ತದೆ.

ಈ ಭಾಗದಲ್ಲಿ ಮನಸ್ಸಿನಲ್ಲಿ ಉಳಿಯುವುದು ವಾಕಾಬಾಳ ಪ್ರಸಂಗ. ವಿದ್ಯಾಲಯದಿಂದ ಹೊರಹಾಕಲ್ಪಟ್ಟ ಸೈಯೊಂಜಿಗೆ ಆಕೆ ತನ್ನ ಕೋಣೆಯಲ್ಲಿ ಗುಟ್ಟಾಗಿ ಆಶ್ರಯ ಕೊಟ್ಟಿರುತ್ತಾಳೆ. ಹಿಂದೆ ತನ್ನ ಪತ್ರದ ಅವಮಾನಕ್ಕೆ ಕಾರಣನಾದವನನ್ನೇ ಉಪಚರಿಸುವ ಈ ದಿನಗಳಲ್ಲಿ, ಸಾಧಾರಣಳೆಂದು ತನ್ನನ್ನು ತಾನು ತಿಳಿದಿದ್ದವಳು ಮೊದಲ ಬಾರಿಗೆ ವಿಶೇಷಳಾಗಿ ಬಾಳುತ್ತಾಳೆ. ಅವನು ಕೃತಜ್ಞತೆಯಿಂದ ಅವಳಿಗಾಗಿ ಎಲೆಯಾಕಾರದ ತಲೆಗೂದಲಿನ ಪಿನ್ನೊಂದನ್ನು ಕೈಯಾರೆ ಮಾಡುತ್ತಾನೆ. ಆದರೆ ವಿದ್ಯಾಲಯಕ್ಕೆ ಮರಳುವ ಅವಕಾಶ ಸಿಕ್ಕಾಗ ಅದೇ ಪಿನ್ನನ್ನು ಮಿಕಾಗೆಗೆ ಕೊಟ್ಟುಬಿಡುತ್ತಾನೆ. ಅದನ್ನು ಆಂಥಿಯ ಮುಡಿಯಲ್ಲಿ ಕಂಡ ವಾಕಾಬಾ ಕಪ್ಪು ಗುಲಾಬಿ ಧರಿಸಿ ತನ್ನ ಪ್ರಿಯ ಗೆಳತಿಯ ವಿರುದ್ಧವೇ ಕತ್ತಿ ಎತ್ತುತ್ತಾಳೆ. ಯುದ್ಧದ ಬಳಿಕ ಅವಳಿಗೆ ಏನೂ ನೆನಪಿರುವುದಿಲ್ಲ. ಉತೆನಾಗೆ ಮಾತ್ರ ನೆನಪಿರುತ್ತದೆ. ವಿಶೇಷರ ನಾಟಕ ನಡೆಯಬೇಕಾದರೆ ಸಾಧಾರಣರ ಸುಖಗಳು ಎಷ್ಟು ಸುಲಭವಾಗಿ ಬಲಿಯಾಗುತ್ತವೆ ಎಂಬುದನ್ನು ವೀರಕಥೆಗಳು ಸಾಮಾನ್ಯವಾಗಿ ಹೇಳುವುದಿಲ್ಲ.

ಕೊನೆಗೆ ಮಿಕಾಗೆಯೂ ವಂಚಿತನೇ ಎಂದು ತಿಳಿಯುತ್ತದೆ. ಅವನು ಯಾರಿಗಾಗಿ ಇಷ್ಟೆಲ್ಲ ಮಾಡಿದನೋ ಆ ಮಾಮಿಯಾ ಎಂಬ ಹುಡುಗನ ನೆನಪೇ ಸುಳ್ಳು. ಅವನ ಮುಂದೆ ಮಾಮಿಯಾನ ರೂಪದಲ್ಲಿ ಸುಳಿಯುತ್ತಿದ್ದವಳು ಆಂಥಿ. ಬಳಸಿ ಮುಗಿದ ಮೇಲೆ ಅವನಿಗೆ ‘ಪದವಿ’ ದೊರೆಯುತ್ತದೆ, ಅವನಿದ್ದ ಗುರುತೇ ವಿದ್ಯಾಲಯದಲ್ಲಿ ಅಳಿಯುತ್ತದೆ. ಶಿಕ್ಷಣ ಮುಗಿಯಿತೆಂಬ ಮಾತನ್ನು ಉಪಯೋಗ ಮುಗಿಯಿತೆಂಬ ಅರ್ಥದಲ್ಲಿ ಬಳಸುವ ಕ್ರೌರ್ಯ ವಿದ್ಯಾಸಂಸ್ಥೆಗಳಲ್ಲಿ ಬಾಳು ಸವೆಸುವ ನಮ್ಮಂಥವರಿಗೆ ಸುಲಭವಾಗಿ ಅರ್ಥವಾಗುತ್ತದೆ.

6

‘ಲೋಕದ ಅಂಚು’ ಎಂಬ ಹೆಸರಿನಿಂದ ಪತ್ರ ಬರೆಯುತ್ತಿದ್ದವನು ವಿದ್ಯಾಲಯದ ಹಂಗಾಮಿ ಮುಖ್ಯಸ್ಥ ಓತೋರಿ ಅಕಿಯೊ. ಮುಖ್ಯಸ್ಥರ ಮಗಳೊಡನೆ ನಿಶ್ಚಿತಾರ್ಥ ಮಾಡಿಕೊಂಡು ಅಧಿಕಾರ ಪಡೆದವನು. ಗೋಪುರದ ತುದಿಯ ಅವನ ಕೊಠಡಿಯಲ್ಲಿ ನಕ್ಷತ್ರಲೋಕವನ್ನು ಬಿಂಬಿಸುವ ತಾರಾಲಯದ ಯಂತ್ರವಿದೆ. ಅವನ ಹೆಸರು ಬೆಳ್ಳಿಚುಕ್ಕೆಯನ್ನು ಸೂಚಿಸುತ್ತದೆ; ಪಾಶ್ಚಾತ್ಯ ಪುರಾಣದಲ್ಲಿ ಸ್ವರ್ಗದಿಂದ ಬಿದ್ದ ಲೂಸಿಫರನಿಗೂ ಅದೇ ಚುಕ್ಕೆಯ ಹೆಸರು. ಮೂರನೆಯ ಭಾಗದಲ್ಲಿ ಅವನು ದ್ವಂದ್ವಯೋಧರನ್ನು ಒಬ್ಬೊಬ್ಬರನ್ನಾಗಿ ಕೆಂಪು ಕಾರಿನಲ್ಲಿ ಕೂರಿಸಿಕೊಂಡು ರಾತ್ರಿಯ ಹೆದ್ದಾರಿಯಲ್ಲಿ ಅತಿವೇಗದಿಂದ ಕರೆದೊಯ್ಯುತ್ತಾನೆ. ವಯಸ್ಕರ ಲೋಕದ ವೇಗ, ಸ್ವಾತಂತ್ರ್ಯ, ಮೋಹ ಎಲ್ಲವನ್ನೂ ಆ ಕಾರು ಒಡ್ಡುತ್ತದೆ. ಆದರೆ ಅದು ಯಾರನ್ನೂ ಎಲ್ಲಿಗೂ ಮುಟ್ಟಿಸುವುದಿಲ್ಲ. ಸವಾರಿ ಮುಗಿದಾಗ ಎಲ್ಲರೂ ಅದೇ ವಿದ್ಯಾಲಯದಲ್ಲಿ ಅದೇ ಕತ್ತಿ ಹಿಡಿದು ನಿಂತಿರುತ್ತಾರೆ.

ಉತೆನಾಳ ವಿಷಯದಲ್ಲಿ ಅಕಿಯೊ ಕತ್ತಿ ಬಳಸುವುದಿಲ್ಲ, ಆಪ್ತತೆಯನ್ನು ಬಳಸುತ್ತಾನೆ. ಸೌಜನ್ಯದ ಮಾತು, ಹಿರಿಯನ ಅಕ್ಕರೆ, ಚಿಕ್ಕ ಉಡುಗೊರೆಗಳು. ಕೊನೆಗೆ ಎಳೆಯ ಹುಡುಗಿಯ ವಿಶ್ವಾಸವನ್ನು ಹೀನವಾಗಿ ದುರುಪಯೋಗಪಡಿಸಿಕೊಳ್ಳುತ್ತಾನೆ. 33ನೆಯ ಕಂತು ಈ ದೌರ್ಜನ್ಯವನ್ನು ನೇರವಾಗಿ ತೋರಿಸುವುದಿಲ್ಲ. ಉತೆನಾ ತಡಬಡಿಸುತ್ತ ನಾಳೆಯ ಊಟದ ಡಬ್ಬಿಗೆ ಏನು ಮಾಡಲಿ ಎಂಬಂತಹ ಮಾತುಗಳಲ್ಲಿ ಕಳೆದುಹೋಗುವುದನ್ನಷ್ಟೇ ನಾವು ಕಾಣುತ್ತೇವೆ. ತನಗೆ ಆಗುತ್ತಿರುವುದಕ್ಕೆ ಹೆಸರಿಡುವ ಭಾಷೆಯೇ ಅವಳಲ್ಲಿ ಇಲ್ಲ. ರಾಜಕುಮಾರನ ಕಥೆ ಅವಳಿಗೆ ಶೌರ್ಯವನ್ನು ಕಲಿಸಿತ್ತು. ರಾಜಕುಮಾರನ ಮುಖವಾಡದಲ್ಲಿ ಬರುವವನನ್ನು ಗುರುತಿಸುವುದನ್ನು ಕಲಿಸಿರಲಿಲ್ಲ. ಮುಗ್ಧತೆಯ ಅಪಾಯವನ್ನು ಕೃತಿ ಇಲ್ಲಿ ಅತ್ಯಂತ ನಿಷ್ಠುರವಾಗಿ ಹೇಳಿದೆ. ಮುಗ್ಧೆಯನ್ನು ಅದು ದೂಷಿಸುವುದಿಲ್ಲ. ಮುಗ್ಧತೆಯನ್ನು ಪೋಷಿಸಿ, ಅದರ ಮೇಲೆ ಬೇಟೆಯಾಡುವ ವ್ಯವಸ್ಥೆಯತ್ತ ಬೆರಳು ತೋರುತ್ತದೆ.

7

34ನೆಯ ಕಂತಿನಲ್ಲಿ ಮೂಲಪುರಾಣ ಬಿಚ್ಚಿಕೊಳ್ಳುತ್ತದೆ. ಹಿಂದೆ ದಿಯೋಸ್ ಎಂಬ ರಾಜಕುಮಾರ ಲೋಕದ ಎಲ್ಲ ಹುಡುಗಿಯರನ್ನೂ ಕಾಪಾಡುತ್ತಿದ್ದ. ದಣಿದು ಸಾಯುವ ಸ್ಥಿತಿಗೆ ಬಂದ ಅವನನ್ನು ಉಳಿಸಲು ತಂಗಿ ಆಂಥಿ ಜನರ ಕಣ್ಣಿಗೆ ಕಾಣದಂತೆ ಮುಚ್ಚಿಟ್ಟಳು. ರಕ್ಷಕನನ್ನು ಕಳೆದುಕೊಂಡ ಜನ ಅವಳನ್ನು ಮಾಟಗಾತಿಯೆಂದರು. ಅವರ ದ್ವೇಷದ ಅಸಂಖ್ಯ ಕತ್ತಿಗಳು ಅವಳನ್ನು ನಿರಂತರ ಇರಿಯುತ್ತಿವೆ. ರಾಜಕುಮಾರಿಯಾಗಲಾರದ ಹೆಣ್ಣಿಗೆ ಈ ಕಥಾಲೋಕದಲ್ಲಿ ಉಳಿದಿರುವ ಸ್ಥಾನ ಮಾಟಗಾತಿಯದೊಂದೇ. ಆ ದಿಯೋಸನೇ ಕೆಟ್ಟು ಅಕಿಯೊ ಆಗಿದ್ದಾನೆ. ತಂದೆತಾಯಿಗಳ ಸಾವಿನ ಬಳಿಕ ಶವಪೆಟ್ಟಿಗೆಯಲ್ಲಿ ಅಡಗಿದ್ದ ಬಾಲಕಿ ಉತೆನಾಗೆ ಅಂದು ಕಂಡದ್ದು ಆಂಥಿಯ ಈ ನರಳಾಟ. ಆ ನೋವಿನಿಂದ ಅವಳನ್ನು ಬಿಡಿಸಬೇಕೆಂದೇ ಆಕೆ ರಾಜಕುಮಾರಳಾಗಲು ಬಯಸಿದ್ದು. ಆಮೇಲೆ ಕಾರಣ ಮರೆತುಹೋಗಿ, ಚಂದದ ರಾಜಕುಮಾರನ ಚಿತ್ರವೊಂದೇ ನೆನಪಿನಲ್ಲಿ ಉಳಿಯಿತು. ಕರುಣೆ ಮರೆತು ವೇಷ ಮಾತ್ರ ಉಳಿದದ್ದೇ ಉತೆನಾಳ ನಿಜವಾದ ಮುಗ್ಧತೆ, ಅಥವಾ ಮೂಢತೆ.

ಈ ಹಿನ್ನೆಲೆಯಲ್ಲಿ ಆರಂಭದ ಕಂತುಗಳನ್ನು ಮತ್ತೆ ನೋಡಬೇಕು. ಉತೆನಾ ಆಂಥಿಯನ್ನು ವಸ್ತುವಾಗಿ ಕಾಣಲಿಲ್ಲ, ಗೆಳತಿ ಎಂದಳು. ಆದರೆ ಬೇರೆ ಗೆಳತಿಯರನ್ನು ಮಾಡಿಕೋ, ಸಾಮಾನ್ಯ ಹುಡುಗಿಯಂತೆ ಬದುಕು ಎಂದು ಅವಳೂ ಹೇಳಿದ್ದೇ. ವಧುವಿಗೆ ಅದೂ ಇನ್ನೊಬ್ಬ ಒಡೆಯನ ಆಜ್ಞೆಯೇ. ಕಾಪಾಡುವವರ ಸಜ್ಜನಿಕೆಯಲ್ಲೂ ಒಡೆತನದ ಅಂಶವಿರುತ್ತದೆ. ಕೊನೆಯ ಯುದ್ಧದ ಹಿಂದಿನ ರಾತ್ರಿ ಗೋಪುರದಿಂದ ಜಿಗಿಯಹೊರಟ ಆಂಥಿಯನ್ನು ಹಿಡಿದುಳಿಸಿದಾಗ ಉತೆನಾ ಇದನ್ನು ಅರಿಯುತ್ತಾಳೆ. ನಿನ್ನ ನೋವನ್ನು ಗಮನಿಸದೆ ರಕ್ಷಕಳ ಪಾತ್ರವಾಡುವುದರಲ್ಲೇ ಸುಖಪಟ್ಟೆ ಎಂಬರ್ಥದಲ್ಲಿ ಕ್ಷಮೆ ಕೇಳುತ್ತಾಳೆ. ಮಾಲಿಕೆಯಲ್ಲಿ ಅಧಿಕಾರದ ಸರಪಳಿ ನಿಜವಾಗಿ ಸಡಿಲುವುದು ಇಲ್ಲಿ. ತನ್ನಲ್ಲಿದ್ದ ಯಜಮಾನಿಕೆಯನ್ನು ಗುರುತಿಸಿದವಳಷ್ಟೇ ಯಜಮಾನಿಕೆಯನ್ನು ಎದುರಿಸಬಲ್ಲಳು.

ಅಂತಿಮ ಯುದ್ಧದಲ್ಲಿ ಅಕಿಯೊ ಉತೆನಾಳನ್ನು ರಾಜಕುಮಾರಿಯಾಗಿ ಬಾಳಲು ಕರೆಯುತ್ತಾನೆ. ಆಕೆ ನಿರಾಕರಿಸುತ್ತಾಳೆ. ತಲೆಕೆಳಗಿನ ಕೋಟೆ ತಾರಾಲಯದ ಯಂತ್ರ ಬಿಂಬಿಸಿದ ಬೆಳಕಷ್ಟೇ ಎಂದು ಗೊತ್ತಾಗುತ್ತದೆ. ಆಗ ಆಂಥಿಯೇ ಹಿಂದಿನಿಂದ ಉತೆನಾಳ ಬೆನ್ನಿಗೆ ಕತ್ತಿ ಹಾಕುತ್ತಾಳೆ. ಶೋಷಿತಳು ತನ್ನನ್ನು ಬಿಡಿಸಬಂದವಳನ್ನೇ ಇರಿಯುವ ಈ ಕ್ಷಣವನ್ನು ದ್ರೋಹವೆಂದು ಕರೆದು ಮುಗಿಸುವುದು ಸುಲಭ. ಆದರೆ ಯುಗಗಳಿಂದ ಪಂಜರವೊಂದನ್ನೇ ಮನೆಯೆಂದು ಬಲ್ಲವಳಿಗೆ ಬಿಡುಗಡೆಯೇ ಭಯಾನಕವಾಗಿ ಕಾಣುವುದು ಅಸಹಜವಲ್ಲ. ಅಕಿಯೊ ಉತೆನಾಳ ಕತ್ತಿಯನ್ನು ಕಿತ್ತುಕೊಂಡು ಗುಲಾಬಿಯ ಬಾಗಿಲನ್ನು ಹೊಡೆಯುತ್ತಾನೆ. ಕತ್ತಿ ಮುರಿಯುತ್ತದೆ, ಅವನು ಕೈಚೆಲ್ಲುತ್ತಾನೆ. ಗಾಯಗೊಂಡ ಉತೆನಾ ತೆವಳಿಕೊಂಡು ಬಂದು ಬರಿಗೈಯಿಂದ ಬಾಗಿಲನ್ನು ಎಳೆಯುತ್ತಾಳೆ. ಅದು ತೆರೆದು ಒಳಗಿನ ಶವಪೆಟ್ಟಿಗೆಯಲ್ಲಿ ಆಂಥಿ ಕಾಣುತ್ತಾಳೆ. ಉತೆನಾ ಕೈ ಚಾಚುತ್ತಾಳೆ, ಬೆರಳುಗಳು ಕೂಡುತ್ತವೆ, ಜಾರುತ್ತವೆ. ತಾನು ರಾಜಕುಮಾರಳಾಗಲಾರದೆ ಹೋದೆನೆಂಬ ಪಶ್ಚಾತ್ತಾಪದಲ್ಲೇ ಉತೆನಾ ಕತ್ತಿಗಳ ನಡುವೆ ಮರೆಯಾಗುತ್ತಾಳೆ.

8

ಕೋಳೂರಿನ ಕೊಡಗೂಸಿಗೆ ಶಿವ ಪ್ರತ್ಯಕ್ಷನಾದಂತೆ ಇಲ್ಲಿ ಯಾರೂ ಪ್ರತ್ಯಕ್ಷರಾಗುವುದಿಲ್ಲ. ಮರುದಿನ ವಿದ್ಯಾಲಯ ಎಂದಿನಂತೆ ನಡೆಯುತ್ತದೆ. ಉತೆನಾ ಕ್ರಮೇಣ ಹಳೆಯ ವದಂತಿಯಾಗುತ್ತಾಳೆ. ಅಕಿಯೊ ಮೇಜಿನ ಮುಂದೆ ಕುಳಿತು ಮುಂದಿನ ದ್ವಂದ್ವಗಳ ಸಿದ್ಧತೆಯಲ್ಲಿದ್ದಾನೆ. ಆಂಥಿ ಮಾತ್ರ ಎದ್ದು ನಿಂತಿದ್ದಾಳೆ. ಏನು ನಡೆಯಿತೆಂಬುದೇ ನಿನಗೆ ಗೊತ್ತಾಗಿಲ್ಲ, ಈ ಹಿತವಾದ ಪೆಟ್ಟಿಗೆಯಲ್ಲಿ ನಿನ್ನ ಆಟವನ್ನು ನೀನು ಆಡುತ್ತಿರು ಎಂಬರ್ಥದ ಮಾತು ಹೇಳಿ ಕನ್ನಡಕವನ್ನು ಕಳಚಿಟ್ಟು ಹೊರನಡೆಯುತ್ತಾಳೆ. ಮಾಲಿಕೆಯ ಕೊನೆಯ ದೃಶ್ಯ, ಉತೆನಾಳನ್ನು ಹುಡುಕುತ್ತ ಅವಳು ವಿದ್ಯಾಲಯದ ಹೆಬ್ಬಾಗಿಲನ್ನು ದಾಟುವುದು.

ಇಲ್ಲಿ ಮುಗ್ಧತೆಯ ಪ್ರಶ್ನೆಗೆ ಕೃತಿಯ ಉತ್ತರ ದೊರೆಯುತ್ತದೆ. ಮೂರು ಬಗೆಯ ಮುಗ್ಧತೆಗಳನ್ನು ಇದು ಬಿಡಿಸಿ ತೋರಿಸಿದೆ. ಮೊದಲನೆಯದು ತಿಳಿವಳಿಕೆಯ ಅಭಾವ. ಆಟದ ನಿಯಮ ಗೊತ್ತಿಲ್ಲದೆ ಗೆದ್ದ ಉತೆನಾಳದು ಇದು. ಇದನ್ನು ಅಧಿಕಾರ ಸುಲಭವಾಗಿ ಬಳಸಿಕೊಳ್ಳುತ್ತದೆ. ಎರಡನೆಯದು ಅಧಿಕಾರದ ಸ್ವಂತ ಮುಗ್ಧತೆ. ತಾನೇ ಬಿಂಬಿಸಿದ ಬೆಳಕಿನ ಕೋಟೆಯನ್ನು ತಾನೇ ಹಂಬಲಿಸುವ ಅಕಿಯೊ, ಬಾಗಿಲು ಕತ್ತಿಯಿಂದಲ್ಲದೆ ಬೇರೆ ರೀತಿಯಲ್ಲಿ ತೆರೆಯಬಹುದೆಂದು ಊಹಿಸಲೂ ಆರನು. ಎಲ್ಲರನ್ನೂ ಬಲ್ಲೆನೆಂದುಕೊಂಡ ಅವನೇ ಕೊನೆಗೆ ಮೂಢ. ಮೂರನೆಯದು ಅರಿವನ್ನು ದಾಟಿ ಉಳಿದ ಮುಗ್ಧತೆ. ವಂಚನೆ ತಿಳಿದ ಮೇಲೂ, ಇರಿತ ತಿಂದ ಮೇಲೂ, ರಾಜಕುಮಾರನೆಂಬವನು ಇಲ್ಲವೆಂದು ಗೊತ್ತಾದ ಮೇಲೂ ಚಾಚಿದ ಕೈಯನ್ನು ಹಿಂದಕ್ಕೆ ಸೆಳೆಯದ ಹಠ. ಇದನ್ನು ಅಜ್ಞಾನವೆನ್ನುವಂತಿಲ್ಲ, ಏಕೆಂದರೆ ಅವಳಿಗೆ ಈಗ ಎಲ್ಲವೂ ತಿಳಿದಿದೆ.

ಜಪಾನಿ ಭಾಷೆಯಲ್ಲಿ ‘ಉತೆನಾ’ ಎಂದರೆ ಹೂವಿನ ಎಸಳುಗಳನ್ನು ಕೆಳಗಿನಿಂದ ಆತು ಹಿಡಿಯುವ ಹಸಿರು ಬಟ್ಟಲು. ‘ಆಂಥಿ’ ಎಂಬ ಹೆಸರು ಹೂವೆಂಬರ್ಥದ ಗ್ರೀಕ್ ಪದವನ್ನು ನೆನಪಿಸುತ್ತದೆ. ಹೂವು ಅರಳಿದ ಮೇಲೆ ಬಟ್ಟಲನ್ನು ಯಾರೂ ನೋಡುವುದಿಲ್ಲ. ಕ್ರಾಂತಿ ಎಂದರೆ ಲೋಕವೆಲ್ಲ ಒಮ್ಮೆಗೇ ಮಗುಚಿಕೊಳ್ಳುವುದೆಂದು ಸಂಘದವರು ನಂಬಿದ್ದರು. ನಿಜವಾಗಿ ಆದದ್ದು ಒಬ್ಬ ಹುಡುಗಿ ಬಾಗಿಲು ದಾಟಿ ಹೊರಗೆ ನಡೆದದ್ದು, ಅಷ್ಟೇ. ಉಳಿದವರೆಲ್ಲ ಇನ್ನೂ ಒಳಗೇ ಇದ್ದಾರೆ. ಇದನ್ನು ಸೋಲೆನ್ನಬೇಕೇ ಗೆಲುವೆನ್ನಬೇಕೇ ಎಂಬುದು ಓದುಗರ ವಿವೇಚನೆಗೆ ಬಿಟ್ಟದ್ದು. ಆದರೆ ಬಾಗಿಲು ಹೊರಗಿನಿಂದ ಮುಚ್ಚಿರಲಿಲ್ಲವೆಂಬ ಸಂಗತಿಯನ್ನು ಒಬ್ಬಳಾದರೂ ಕಂಡುಕೊಂಡಳು. ಒಮ್ಮೆ ಕಂಡುಕೊಂಡದ್ದನ್ನು ಯಾವ ಯಜಮಾನಿಕೆಯೂ ಕಾಣದಂತೆ ಮಾಡಲಾರದು. ವಿದ್ಯಾಲಯಗಳಲ್ಲಿ ಕಲಿಯುವ, ಕಲಿಸುವ ನಮಗೆ ಈ ಕೃತಿ ಕೊಡಬಹುದಾದ ಎಚ್ಚರವೂ ಇದೇ. ನಮ್ಮ ಶಿಷ್ಯರ ಮುಗ್ಧತೆಯನ್ನು ನಾವು ಮೆಚ್ಚುವಾಗ, ಅವರಿಗೆ ಬಾಗಿಲನ್ನು ತೋರಿಸುತ್ತಿದ್ದೇವೆಯೇ, ಅಥವಾ ಗೋಡೆಯ ಮೇಲೆ ಬೆಳಕಿನ ಕೋಟೆಯೊಂದನ್ನು ಬಿಂಬಿಸುತ್ತಿದ್ದೇವೆಯೇ ಎಂದು ನಾವೇ ಕೇಳಿಕೊಳ್ಳಬೇಕು.